ಪಾಸ್‌ವರ್ಡ್ ಮರೆತರೆ ಸೈಟಿನವರು ಹಳೆಯದನ್ನೇ ಯಾಕೆ ಹೇಳುವುದಿಲ್ಲ? ಇದಕ್ಕೂ ಹ್ಯಾಶಿಂಗ್‌ಗೂ ಏನು ಸಂಬಂಧ?

ಲಾಗಿನ್ ಕೋಡ್ ಬರೆಯುವುದೇ ನನ್ನ ಕೆಲಸ, ಹಾಗಾಗಿ ಹೇಳುತ್ತೇನೆ. ನಿಮ್ಮ ಹಳೆಯ ಪಾಸ್‌ವರ್ಡ್ ಅವರ ಹತ್ತಿರ ಇರುವುದೇ ಇಲ್ಲ. ಅಂದರೆ, ಇರಬಾರದು. ನೀವು ಟೈಪ್ ಮಾಡಿದ್ದನ್ನು ಒಂದು ಲೆಕ್ಕಕ್ಕೆ ಹಾಕಿ, ಬಂದ ಉತ್ತರವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಅದೇ ಹ್ಯಾಶ್. ಮುಂದಿನ ಸಲ ಮತ್ತೆ ಅದೇ ಲೆಕ್ಕ ಮಾಡುತ್ತಾರೆ, ತಾಳೆಯಾದರೆ ಒಳಗೆ ಬಿಡುತ್ತಾರೆ. ಹ್ಯಾಶನ್ನು ಬಿಡಿಸಿ ಪಾಸ್‌ವರ್ಡ್ ತೆಗೆಯಲು ಬರುವುದಿಲ್ಲ.

ಹಾಗಾದರೆ ಹ್ಯಾಶ್ ಕಳುವಾದರೂ ಚಿಂತೆಯಿಲ್ಲ ಅಲ್ವಾ? ಹಾಗೇನಿಲ್ಲ. ಕಳ್ಳ ಅದನ್ನು ಬಿಡಿಸಲು ಹೋಗುವುದೇ ಇಲ್ಲ, ಊಹಿಸುತ್ತಾನೆ. '123456' ಅನ್ನು ಎಂಡಿ5 ಎಂಬ ಹ್ಯಾಶ್ ಲೆಕ್ಕಕ್ಕೆ ಕೊಟ್ಟರೆ ಯಾವ ಕಂಪ್ಯೂಟರಿನಲ್ಲೂ 'ಇ10ಎಡಿಸಿ' ಎಂದೇ ಶುರುವಾಗುವ 32 ಅಕ್ಷರ ಬರುತ್ತದೆ. ಇಂಥ ಲಕ್ಷಾಂತರ ಪಾಸ್‌ವರ್ಡ್‌ಗಳ ಹ್ಯಾಶ್ ಮೊದಲೇ ಮಾಡಿಟ್ಟುಕೊಂಡರೆ ಕದ್ದ ಪಟ್ಟಿಯಲ್ಲಿ ಸುಮ್ನೆ ಹುಡುಕಿದರೆ ಸಾಕು. 2012ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 65 ಲಕ್ಷ ಹ್ಯಾಶ್‌ಗಳು ಹೊರಬಿದ್ದಾಗ ಆದದ್ದು ಇದೇ. ಎಲ್ಲವೂ ಎಸ್‌ಎಚ್‌ಎ-1 ಎಂಬ ಇನ್ನೊಂದು ಲೆಕ್ಕದಲ್ಲಿ ಮಾಡಿದ್ದು, ಒಂದಕ್ಕೂ ಸಾಲ್ಟ್ ಇರಲಿಲ್ಲ. 2016ರಲ್ಲಿ ನೋಡಿದರೆ ಅದೇ ಕಳವಿನ 11 ಕೋಟಿಗೂ ಜಾಸ್ತಿ ಖಾತೆಗಳ ಮಾಹಿತಿ ಮಾರಾಟಕ್ಕೆ ಬಂದಿತ್ತು.

ಸಾಲ್ಟ್ ಅಂದರೆ ಪ್ರತಿ ಖಾತೆಗೂ ಬೇರೆಬೇರೆಯಾಗಿ ಸೇರಿಸುವ ಒಂದಿಷ್ಟು ಅಡ್ಡಾದಿಡ್ಡಿ ಅಕ್ಷರ. ಅದನ್ನು ಗುಟ್ಟಾಗಿಡಬೇಕೆಂದೇನಿಲ್ಲ, ಹ್ಯಾಶ್ ಪಕ್ಕದಲ್ಲೇ ಇರುತ್ತದೆ. ಆದರೆ ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಹ್ಯಾಶ್ ಬೇರೆಯಾಗುತ್ತದೆ. ಕಳ್ಳ ಒಬ್ಬೊಬ್ಬರಿಗೂ ಮೊದಲಿನಿಂದ ಊಹಿಸುತ್ತಾ ಕೂರಬೇಕು.

ಅಷ್ಟೂ ಸಾಲದು. ಎಸ್‌ಎಚ್‌ಎ-256 ಎಂಬ ಹ್ಯಾಶ್ ಲೆಕ್ಕ ಒಳ್ಳೆಯದೇ, ಡೌನ್‌ಲೋಡ್ ಮಾಡಿದ ಫೈಲ್ ಸರಿಯಿದೆಯಾ ಎಂದು ನೋಡಲು ನಾನೂ ಬಳಸುತ್ತೇನೆ. ಪಾಸ್‌ವರ್ಡ್‌ಗೆ ಮಾತ್ರ ಅದರ ವೇಗವೇ ಮುಳುವು: ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಕೋಟಿಗಟ್ಟಲೆ ಊಹೆ ಮಾಡಿ ಮುಗಿಸುತ್ತದೆ. ಇಲ್ಲಿ ಬೇಕಾದದ್ದು ನಿಧಾನ. 1999ರ ಬಿಕ್ರಿಪ್ಟ್ ಎಂಬ ನಿಧಾನದ ಲೆಕ್ಕದಲ್ಲಿ, ಎಷ್ಟು ನಿಧಾನ ಬೇಕೆಂದು ಹೇಳುವ ಅಂಕಿಯನ್ನು ಒಂದು ಏರಿಸಿದರೆ ಕೆಲಸ ದುಪ್ಪಟ್ಟಾಗುತ್ತದೆ. 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ ಆರ್ಗಾನ್2 ಮೆಮೊರಿಯನ್ನೂ ತಿನ್ನುತ್ತದೆ. ಲಾಗಿನ್ ಆಗುವವರಿಗೆ ಕಾಲು ಸೆಕೆಂಡ್ ತಡ, ಗೊತ್ತೂ ಆಗುವುದಿಲ್ಲ. ನೂರು ಕೋಟಿ ಸಲ ಊಹಿಸುವವನಿಗೆ ಅದೇ ವರ್ಷಗಳ ಕೆಲಸ. ಹೊಸದಾಗಿ ಬರೆಯುವುದಾದರೆ ನಾನು ಆರ್ಗಾನ್2 ಹಾಕುತ್ತೇನೆ. ಬಿಕ್ರಿಪ್ಟ್ ಈಗಾಗಲೇ ಇದ್ದರೆ ಕೀಳಲು ಹೋಗುವುದಿಲ್ಲ.

ಇನ್ನು, ಯಾವುದಾದರೂ ಸೈಟು ನಿಮ್ಮ ಹಳೆಯ ಪಾಸ್‌ವರ್ಡನ್ನೇ ಮೇಲ್ ಮಾಡಿತು ಅನ್ನಿ. ಅದನ್ನು ಹ್ಯಾಶ್ ಮಾಡಿಲ್ಲ ಎಂದೇ ಅರ್ಥ. ಅದೇ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಕೊಟ್ಟಿದ್ದೀರೋ ಅಲ್ಲೆಲ್ಲ ಇವತ್ತೇ ಬದಲಾಯಿಸಿ, ಮೊದಲು ನಿಮ್ಮ ಇಮೇಲ್‌ನಲ್ಲಿ.