ಮಗನ ಕೈಗೆ ಒಂದು ಕೋಲು ಕೊಡಿ

ರಾಯಚೂರಿನ ತಂಗಿಗೆ,

ನಿಮ್ಮ ಪತ್ರ ತಲುಪಿತು. ಎರಡು ಹಾಳೆ, ಎರಡೂ ಬದಿ. ಕೊನೆಯಲ್ಲಿ ‘ಹೆಸರು ಹಾಕಬೇಡಿ, ನಮ್ಮ ಅತ್ತೆಯವರೂ ನಿಮ್ಮ ಪತ್ರಿಕೆ ಓದುತ್ತಾರೆ’ ಎಂದು ಬರೆದಿದ್ದೀರಿ. ಹಾಕುವುದಿಲ್ಲ. ಆದರೆ ಉಳಿದ ಓದುಗರಿಗೂ ವಿಷಯ ಗೊತ್ತಾಗಬೇಕಲ್ವಾ, ಅದಕ್ಕೆ ಚಿಕ್ಕದಾಗಿ ಹೇಳಿಬಿಡುತ್ತೇನೆ.

ನಿಮಗೆ ಏಳು ವರ್ಷದ ಮಗಳು, ಮೂರು ವರ್ಷದ ಮಗ. ಮೊದಲ ಮಹಡಿಯ ಬಾಡಿಗೆ ಮನೆ, ತಲೆಯ ಮೇಲೆ ಕಾದ ಆರ್‌ಸಿಸಿ. ಏಪ್ರಿಲ್ 11ರಿಂದ ಶಾಲೆಗೆ ರಜೆ. ಪಕ್ಕದ ಮನೆಯ ಮಕ್ಕಳು ಬೇಸಿಗೆ ಶಿಬಿರಕ್ಕೆ ಹೋಗುತ್ತಿದ್ದಾರೆ, ಅದರ ಫೀಸು ನಿಮಗೆ ಆಗುವುದಿಲ್ಲ. ಯಜಮಾನರದು ಸರ್ಕಾರಿ ಕೆಲಸ. ಒಂದೂವರೆಗೆ ಕಚೇರಿ ಬಿಟ್ಟು ಬಂದು ಉಂಡು ಮಲಗಿದರೆ ಏಳುವುದು ಐದಕ್ಕೆ. ಮಕ್ಕಳು ದಿನವಿಡೀ ಜಗಳ, ಇಲ್ಲಾ ಮೊಬೈಲು. ಸಂಜೆಗೆ ನೀವು ಕೂಗಾಡುತ್ತೀರಿ, ರಾತ್ರಿ ಅವರು ಮಲಗಿದ ಮೇಲೆ ಮುಖ ನೋಡಿ ಸಂಕಟಪಡುತ್ತೀರಿ. ಜೊತೆಗೆ ನಮ್ಮ ಮೇಲೊಂದು ದೂರು. ಮಾರ್ಚ್ ಸಂಚಿಕೆಯಲ್ಲಿ ನಾವು ಹಾಕಿದ ‘ಬಣ್ಣದ ಕಾಗದದ ಆಟಗಳು’ ಪುಟ ನೋಡಿ ನೂರಾಎಂಬತ್ತು ರೂಪಾಯಿಯ ಸಾಮಾನು ತಂದಿರಿ. ಆಟ ಹತ್ತು ನಿಮಿಷಕ್ಕೆ ಮುಗಿಯಿತು, ನೆಲ ಒರೆಸಲು ಒಂದು ಗಂಟೆ ಹಿಡಿಯಿತು, ಮಗ ಗೋಂದು ತಿಂದ. ‘ಹೀಗಲ್ಲ, ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದು ಸರಿಯಾದ ವೇಳಾಪಟ್ಟಿ ಕೊಡಿ’ ಎಂದು ಕೇಳಿದ್ದೀರಿ.

ಗೋಂದಿನ ವಿಷಯದಲ್ಲಿ ತಪ್ಪು ನಮ್ಮದೇ. ಆ ಪುಟವನ್ನು ಆರಿಸಿದ್ದು ನಾನು, ಎಸಿ ಕೋಣೆಯಲ್ಲಿ ಕುಳಿತು. ಮಗ ಚೆನ್ನಾಗಿದ್ದಾನೆ ಎಂದು ಬರೆದಿದ್ದೀರಿ, ಅಷ್ಟಕ್ಕೆ ಬದುಕಿದೆ.

ವೇಳಾಪಟ್ಟಿ ಮಾತ್ರ ಕೊಡುವುದಿಲ್ಲ. ನಿಮ್ಮ ಊರಲ್ಲಿ ಬೇಸಿಗೆಯ ವೇಳಾಪಟ್ಟಿ ಬರೆಯುವವನು ಸೂರ್ಯ. ಸರ್ಕಾರವೇ ಅವನ ಮಾತು ಕೇಳುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಬಾಗಲಕೋಟೆಗಳಲ್ಲಿ, ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುವುದು ಅದಕ್ಕೇ. ಕಚೇರಿಯೇ ಹೊತ್ತು ಬದಲಿಸಿಕೊಂಡ ಮೇಲೆ ನಿಮ್ಮ ಮನೆ ಯಾಕೆ ಜೂನ್ ತಿಂಗಳ ಹಾಗೆ ನಡೆಯಬೇಕು? ಓಡಾಟ, ಗಲಾಟೆ, ಸ್ನಾನ, ಕೆಲಸ ಎಲ್ಲ ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆಯೊಳಗೆ. ಆಮೇಲೆ ಕಿಟಕಿ ಮುಚ್ಚಿ, ಪರದೆ ಎಳೆದು, ಮನೆ ಕತ್ತಲೆ ಮಾಡಿ. ಮತ್ತೆ ಬಾಗಿಲು ತೆಗೆಯುವುದು ಬಿಸಿಲು ಇಳಿದ ಮೇಲೆ. ಕೂಲರ್ ಇದ್ದರೆ ಮಾತ್ರ ಒಂದು ಕಿಟಕಿ ಸ್ವಲ್ಪ ತೆಗೆದಿರಲಿ. ಎಲ್ಲ ಮುಚ್ಚಿಕೊಂಡು ಕೂಲರ್ ಹಾಕಿದರೆ ಒಳಗೆ ತೇವ ತುಂಬಿ ಮೈ ಅಂಟಂಟಾಗುತ್ತದೆ, ತಂಪಾಗುವುದಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಮಕ್ಕಳಿಗೆ ಏನು ಕೆಲಸ ಕೊಡಲಿ?

ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ. ಆದರೂ ಓದಿದೆ, ಕ್ಷಮಿಸಿ. ‘ಅತ್ತೆ ಕುರಡಗಿ ಮಾಡೋಣ ಅಂತಿದ್ದಾರೆ, ಈ ಮಕ್ಕಳನ್ನು ಇಟ್ಟುಕೊಂಡು ಎಲ್ಲಿ ಮಾಡಲಿ?’ ತಂಗೀ, ಉತ್ತರ ನಿಮ್ಮ ಕೈಯಲ್ಲೇ ಇತ್ತು. ಕಾಟು ಹೊಡೆದುಬಿಟ್ಟಿರಿ.

ಕುರಡಗಿ ಗೊತ್ತಿಲ್ಲದ ಮೈಸೂರು ಕಡೆಯ ಓದುಗರಿಗಾಗಿ ಹೇಳುತ್ತೇನೆ. ಇದು ಗೋಧಿಹಾಲಿನ ಸಂಡಿಗೆ. ಗೋಧಿಯನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ರುಬ್ಬಿ ಹಾಲು ಹಿಂಡಬೇಕು. ರಾತ್ರಿ ಇಟ್ಟರೆ ಗಟ್ಟಿ ಕೆಳಗಿಳಿಯುತ್ತದೆ. ಮೇಲಿನ ತಿಳಿ ಚೆಲ್ಲಿ, ಉಪ್ಪು ಹಾಕಿ ಕುದಿಯುವ ನೀರಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಚಕ್ಕುಲಿ ಒರಳಲ್ಲಿ ಒತ್ತಿ ಬಟ್ಟೆಯ ಮೇಲೆ ಒಣಗಿಸಬೇಕು. ಎಣ್ಣೆಗೆ ಬಿಟ್ಟರೆ ಹೂವಿನ ಹಾಗೆ ಅರಳುತ್ತದೆ.

ಇದರಲ್ಲಿ ಮಕ್ಕಳಿಗೆ ಎಷ್ಟು ಕೆಲಸ ಇದೆ ನೋಡಿ. ಮೂರು ದಿನ ಗೋಧಿಯ ನೀರು ಬದಲಿಸುವುದು ಮಗಳ ಪಾಲು. ಎರಡನೇ ದಿನಕ್ಕೇ ಹುಳಿ ವಾಸನೆ ಬರುತ್ತದೆ. ಮೂಗು ಮುಚ್ಚಿಕೊಂಡು ‘ಅಮ್ಮಾ ಕೆಟ್ಟುಹೋಯ್ತು’ ಎಂದು ಕೂಗಿಕೊಳ್ಳುತ್ತಾಳೆ. ಯಾಕೆ ಹುಳಿಯಾಯಿತು ಎಂದು ಅಜ್ಜಿ ಹೇಳಲಿ. ಬೇಯಿಸುವುದು, ಒತ್ತುವುದು ದೊಡ್ಡವರೇ ಮಾಡಬೇಕು, ಹಿಟ್ಟು ಕೆಂಡದಂತೆ ಸುಡುತ್ತಿರುತ್ತದೆ. ಬೇಯಿಸುವುದನ್ನು ಬೆಳಿಗ್ಗೆ ಆರು ಗಂಟೆಯೊಳಗೆ ಮುಗಿಸಿ ಮಾಳಿಗೆಗೆ ಒಯ್ಯಿರಿ. ಹಳೆಯ ಸೀರೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಡಲು ಮಗಳು, ಕಾಗೆ ಓಡಿಸಲು ಮಗ. ಅವನ ಕೈಗೆ ಒಂದು ಕೋಲು ಕೊಡಿ, ತಲೆಗೆ ಒಂದು ಟವೆಲು ಸುತ್ತಿ, ಮೆಟ್ಟಿಲ ಬಳಿ ನೆರಳಲ್ಲಿ ಕೂರಿಸಿ, ಪಕ್ಕದಲ್ಲಿ ಅಜ್ಜಿ ಇರಲಿ. ಮೂರು ವರ್ಷದ ಗಂಡಸಿಗೆ ಇದಕ್ಕಿಂತ ದೊಡ್ಡ ಹುದ್ದೆ ಇಲ್ಲ. ಕಾಗೆ ಬಾರದಿದ್ದರೂ ಓಡಿಸುತ್ತಾನೆ. ಒಂಬತ್ತಕ್ಕೆ ಎಲ್ಲರೂ ಕೆಳಗೆ, ಒಣಗಿಸುವ ಕೆಲಸ ಬಿಸಿಲಿನದು. ಸಂಜೆ ಸೀರೆಯ ಹಿಂಬದಿಗೆ ನೀರು ಚಿಮುಕಿಸಿ ಬಿಡಿಸುವಾಗ ಮತ್ತೆ ಅವರನ್ನೇ ಕರೆಯಿರಿ. ಅರ್ಧ ಒಣಗಿದ್ದನ್ನು ಕದ್ದು ತಿನ್ನುತ್ತಾರೆ. ತಿನ್ನಲಿ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಡಬ್ಬಿ ಸೇರುತ್ತಿದ್ದುದು ಮುಕ್ಕಾಲು ಪಾಲು ಮಾತ್ರ.

ಸಂಡಿಗೆಯೇ ಆಗಬೇಕೆಂದಿಲ್ಲ. ಹುಣಸೆಹಣ್ಣು ಬಿಡಿಸುವುದು, ಒಣಮೆಣಸಿನಕಾಯಿ ಬಿಟ್ಟು ಬೇರೆ ಏನನ್ನಾದರೂ ಹಸನು ಮಾಡುವುದು, ಮಜ್ಜಿಗೆ ಕಡೆಯುವುದು. ಮಕ್ಕಳಿಗಾಗಿ ಹೊಸದಾಗಿ ಕೆಲಸ ಹುಟ್ಟಿಸಲು ಹೋಗಿಯೇ ನೀವು ಸೋತಿದ್ದೀರಿ. ನಿಮ್ಮ ಕೆಲಸದೊಳಕ್ಕೆ ಅವರನ್ನು ಬಿಟ್ಟುಕೊಳ್ಳಿ. ನಿಧಾನವಾಗುತ್ತದೆ, ನಿಜ. ರಜೆಯಲ್ಲವೇ, ಯಾರಿಗೆ ಅವಸರ?

ಹುಣಸೆ ಬೀಜ ಎಸೆಯಬೇಡಿ. ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದ ನಾಲ್ಕು ಬೀಜ ಇದ್ದರೆ ಚೌಕಾಬಾರಕ್ಕೆ ಕವಡೆ ಬೇಕಿಲ್ಲ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದುಕೊಂಡರೆ ಮುಗಿಯಿತು. ತಿಕ್ಕಿದ ಬೀಜ ಚುರ್ರೆನ್ನುವಷ್ಟು ಬಿಸಿಯಾಗುತ್ತದೆ, ಮಗಳು ಅದನ್ನು ತಮ್ಮನ ತೋಳಿಗೆ ಒತ್ತಿಯೇ ಒತ್ತುತ್ತಾಳೆ. ಇನ್ನೊಂದು ಮಾತು. ಗೋಂದು ತಿಂದವನು ಬೀಜವನ್ನು ಮೂಗಿಗೂ ಹಾಕಿಕೊಂಡಾನು. ಆಟ ಮುಗಿದ ಕೂಡಲೇ ಬೀಜ ಎಣಿಸಿ ಮೇಲಿಡಿ.

ಮಧ್ಯಾಹ್ನ ಎರಡರಿಂದ ನಾಲ್ಕು ಕೆಟ್ಟ ಹೊತ್ತು. ಬಿಸಿಯ ಏರು ಆಗಲೇ, ಜಗಳದ ಏರೂ ಆಗಲೇ. ಮೊಬೈಲ್ ಕೊಡುವುದಿದ್ದರೆ ಆಗ ಕೊಡಿ, ಉಳಿದ ಹೊತ್ತು ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಒಂದು ಗಂಟೆ ನೀವು ಕಾಲು ಚಾಚಿ ಮಲಗಿ. ಅದಕ್ಕೆ ಸಂಕಟ ಯಾಕೆ? ನಿಮ್ಮ ಯಜಮಾನರಿಗಂತೂ ಮಲಗುವಾಗ ಸಂಕಟವಾದಂತೆ ಕಾಣೆ.

ಈಗ ಭಯದ ಮಾತು ಒಂದು. ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಒಂದು ಮೇ ಮಧ್ಯಾಹ್ನ ಅವಳು ಸುಮ್ಮನಾಗಿಬಿಟ್ಟಳು. ಅಪರೂಪಕ್ಕೆ ಮನೆ ಶಾಂತವಾಗಿದೆ ಎಂದು ನಾನು ಖುಷಿಪಟ್ಟೆ. ಮೂರು ಗಂಟೆಗೆ ನೋಡಿದರೆ ಬಾಯಿ ಒಣಗಿ, ಕಣ್ಣು ತೇಲುತ್ತಿತ್ತು. ಎತ್ತಿಕೊಂಡು ಓಡಿದೆ. ಡಾಕ್ಟರು ಮೊದಲು ಕೇಳಿದ್ದು, ‘ಮಗು ಕೊನೆಗೆ ಉಚ್ಚೆ ಹೊಯ್ದದ್ದು ಯಾವಾಗ?’ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಹೋಗಿರಲೇ ಇಲ್ಲ. ಸರಿಹೋದಳು, ಆದರೆ ಆ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ. ಚಿಕ್ಕ ಮಕ್ಕಳ ಮೈ ನಮಗಿಂತ ಬೇಗ ಕಾಯುತ್ತದೆ, ಬೆವರುವುದು ಕಡಿಮೆ, ಆಟದಲ್ಲಿದ್ದರೆ ನೀರು ಕೇಳುವುದೂ ಇಲ್ಲ. ಲೋಟ ಎಣಿಸಬೇಡಿ, ಉಚ್ಚೆಯ ಬಣ್ಣ ನೋಡಿ. ಹಳದಿ ಗಾಢವಾದರೆ ನೀರು ಸಾಲದು. ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ಪಾನಕ, ಕಲ್ಲಂಗಡಿ, ಯಾವುದಾದರೂ ಸರಿ. ಭೇದಿಯೂ ಇದ್ದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ಮಂಕಾದರೆ, ಅತ್ತಾಗ ಕಣ್ಣೀರು ಬಾರದಿದ್ದರೆ, ಮೈ ಸುಡುತ್ತಿದ್ದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ. ಬಚ್ಚಲಲ್ಲಿ ಬಕೆಟ್ ನೀರಿನ ಆಟ ಇವರಿಗೆ ಸ್ವರ್ಗವೇ, ಆದರೆ ನೀವು ಎದುರಲ್ಲೇ ಇರಬೇಕು. ಮೂರು ವರ್ಷದ ಮಗುವಿಗೆ ಬಕೆಟ್ಟೂ ಬಾವಿಯೇ. ಆಟ ಮುಗಿದರೆ ಬಕೆಟ್ ಬೋರಲು.

ನಾಲ್ಕೂವರೆಗೆ ಯಜಮಾನರನ್ನು ಏಳಿಸಿ. ಸಂಜೆಯ ಪಾಳಿ ಅವರದು. ಇದನ್ನು ನಾನು ಹೇಳಿದೆ ಎಂದೇ ಹೇಳಿ. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಮಕ್ಕಳ ಕೈಯಲ್ಲಿ ಮಾಳಿಗೆಗೆ ಹೊರಿಸಿ ಚೆಲ್ಲಿಸಲಿ. ನೀರು ಆರುತ್ತಾ ಕಾದ ಸಿಮೆಂಟಿನ ಬಿಸಿ ಎಳೆಯುತ್ತದೆ, ನಿಮ್ಮ ಒಣ ಹವೆಗೆ ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೇ. ಒಂಬತ್ತರ ಹೊತ್ತಿಗೆ ಹಾಸಿಗೆ ಹಾಕಬಹುದು. ಗೋಡೆ ಗಿಡ್ಡವಿದ್ದರೆ ಮಕ್ಕಳು ನಡುವೆ, ನೀವಿಬ್ಬರೂ ಅಂಚಿಗೆ. ಈಗ ಆ ಹೊತ್ತಿಗೆ ಉತ್ತರಕ್ಕೆ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಬಾಲದ ನಡುವಿನ ನಕ್ಷತ್ರ ವಸಿಷ್ಠ. ಅದರ ಪಕ್ಕದ ಸಣ್ಣ ಚುಕ್ಕಿ ಅರುಂಧತಿ ಕಾಣುತ್ತದೆಯಾ ಎಂದು ಮಗಳನ್ನು ಕೇಳಿ. ಅವಳಿಗೆ ಕಂಡು ನಿಮಗೆ ಕಾಣದಿದ್ದರೆ ಒಮ್ಮೆ ಕನ್ನಡಕದ ಅಂಗಡಿಗೆ ಹೋಗಿಬನ್ನಿ.

ಕೂಗಾಡಿದ್ದರ ಬಗ್ಗೆ ಏನು ಹೇಳಲಿ? ನಾನೂ ಕೂಗಾಡಿದ್ದೇನೆ, ನಲವತ್ತೆರಡು ಡಿಗ್ರಿ ಇಲ್ಲದ ಊರಲ್ಲಿ ಕುಳಿತು.

ಮೇ ಸಂಚಿಕೆಯಿಂದ ಬಣ್ಣದ ಕಾಗದದ ಪುಟ ತೆಗೆದಿದ್ದೇನೆ. ಜಾಗ ಖಾಲಿ ಇದೆ. ಅತ್ತೆಯವರ ಕುರಡಗಿಯ ಅಳತೆ ಬರೆದು ಕಳಿಸಿ. ಅವರ ಹೆಸರು ಹಾಕಲು ಅಡ್ಡಿಯಿಲ್ಲ ತಾನೇ?

– ಸಂಪಾದಕಿ