ಚಂದ್ರ ಯಾಕೆ ಅಷ್ಟು ಚಿಕ್ಕವನಾದ?

ಪ್ರಶ್ನೆ: ರಜೆ ಸಿಕ್ಕಾಗೆಲ್ಲ ಕ್ಯಾಮೆರಾ ಹಿಡಿದು ಹೊರಡುವ ಹವ್ಯಾಸಿ ನಾನು. ಹುಣ್ಣಿಮೆ ದಿನ ಒಂದು ಹಳೇ ಗೋಪುರದ ಪಕ್ಕದಲ್ಲಿ ಚಂದ್ರ ಹುಟ್ಟುವುದನ್ನು ತೆಗೆದೆ. ಕಣ್ಣಿಗೆ ತಟ್ಟೆಯಷ್ಟು ದೊಡ್ಡದಾಗಿ ಕಂಡವನು ಫೋಟೋದಲ್ಲಿ ಬಟಾಣಿ ಕಾಳು! ದುಬಾರಿ ಲೆನ್ಸ್ ಕೊಳ್ಳಬೇಕಾ?

ಉತ್ತರ: ಲೆನ್ಸ್ ವಿಷಯ ಆಮೇಲೆ ನೋಡೋಣ, ಮೊದಲು ಎಲ್ಲಿ ನಿಂತಿದ್ದಿರಿ ಹೇಳಿ. ಗೋಪುರದ ಹತ್ತಿರವೇ ಅಲ್ವಾ? ಎಡವಿದ್ದು ಅಲ್ಲೇ. ಆಕಾಶದಲ್ಲಿ ಚಂದ್ರ ಹಿಡಿಯುವುದು ಬರೀ ಅರ್ಧ ಡಿಗ್ರಿ ಜಾಗ. ಅವನಿರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ, ಹಾಗಾಗಿ ನೀವು ಒಂದು ಕಿಲೋಮೀಟರ್ ಹಿಂದೆ ಸರಿದರೆ ಅವನಿಗೆ ಲೆಕ್ಕಕ್ಕೇ ಇಲ್ಲ, ಆದರೆ ಗೋಪುರ ಕುಗ್ಗುತ್ತದೆ. 20 ಮೀಟರ್ ಎತ್ತರದ ಗೋಪುರ 100 ಮೀಟರ್ ದೂರದಿಂದ ಇಪ್ಪತ್ತಕ್ಕೂ ಜಾಸ್ತಿ ಚಂದ್ರರನ್ನು ಒಬ್ಬರ ಮೇಲೊಬ್ಬರನ್ನು ಪೇರಿಸಿದಷ್ಟು ಎತ್ತರ ಕಾಣುತ್ತದೆ. ಒಂದು ಕಿಲೋಮೀಟರ್ ಆಚೆಯಿಂದ ನೋಡಿ, ಎರಡು ಚಂದ್ರರಷ್ಟೇ! ಅಲ್ಲಿಂದ ಜೂಮ್ ಮಾಡಿ. 300 ಮಿಲಿಮೀಟರ್ ಮುಟ್ಟುವ ಲೆನ್ಸ್ ಇದ್ದರೆ ಶುರು ಮಾಡಲು ಸಾಕು.

ಇನ್ನೊಂದು ಮಾತು. ಹುಣ್ಣಿಮೆಯ ಹಿಂದಿನ ದಿನ ಹೋಗಿ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಅಂದರೆ ಹಿಂದಿನ ದಿನ ಸೂರ್ಯ ಮುಳುಗುವ ಮೊದಲೇ ಬಂದಿರುತ್ತಾನೆ, ಗೋಪುರದ ಮೇಲೂ ಬೆಳಕಿರುತ್ತದೆ. ಹುಣ್ಣಿಮೆಯಂದು ಅವನು ಮೇಲೇರುವ ಹೊತ್ತಿಗೆ ಗೋಪುರ ಕಪ್ಪು, ಅವನು ಬಿಳಿ ಚುಕ್ಕೆ. ಬೆಳಕು ಅಳೆಯುವಾಗ ಚಂದ್ರನ ಮೇಲೇ ಅಳೆಯಿರಿ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಸ್ ಊರಿನ ಮೇಲೆ ಚಂದ್ರನನ್ನು ಹಿಡಿದಾಗ ಅವರಿಗೆ ಬೆಳಕು ಅಳೆಯುವ ಮೀಟರೇ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟೆಂಬುದು ನೆನಪಿತ್ತು, ಆ ಲೆಕ್ಕದ ಮೇಲೆ ಒಂದು ಫೋಟೋ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿದ್ದ ಬಿಸಿಲು ಹೋಗಿಬಿಟ್ಟಿತ್ತು.

ಪ್ರಶ್ನೆ: ಯಾವ ಹಳೇ ಸ್ಮಾರಕಕ್ಕೆ ಹೋದರೂ ಜನವೋ ಜನ. ಖಾಲಿ ಫೋಟೋ ತೆಗೆಯುವುದು ಹೇಗೆ?

ಉತ್ತರ: ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ, ಎಲ್ಲರೂ ಅದನ್ನೇ ಮಾಡುತ್ತಾರೆ ಕೂಡ! ಫೋಟೋಗ್ರಫಿಯ ಆದಿಪುರುಷರಲ್ಲೊಬ್ಬರಾದ ದಾಗೇರ್ 1838ರಲ್ಲಿ ಪ್ಯಾರಿಸ್ಸಿನ ಒಂದು ಗಿಜಿಗುಡುವ ಬೀದಿಯ ಫೋಟೋ ತೆಗೆದರು. ಅದರಲ್ಲಿ ಬೀದಿ ಹೆಚ್ಚುಕಡಿಮೆ ಖಾಲಿ. ಎಕ್ಸ್‌ಪೋಷರ್ (ಕ್ಯಾಮೆರಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಸಮಯ) ಹಲವು ನಿಮಿಷದ್ದು, ಓಡಾಡುವವರು ಯಾರೂ ಮೂಡಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ನಿಂತಿದ್ದವನೊಬ್ಬ ಮಾತ್ರ ಉಳಿದುಕೊಂಡ. ನೀವೂ ಅದೇ ಮಾಡಬಹುದು. 10 ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು; ಒಂದೊಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ) ಹಾಕಿದರೆ ಸೆಕೆಂಡಿನ 1/125 ಭಾಗದ ಎಕ್ಸ್‌ಪೋಷರ್ ಸುಮಾರು 8 ಸೆಕೆಂಡ್ ಆಗುತ್ತದೆ, ನಿಲ್ಲದೆ ನಡೆಯುವವರು ಹೊಗೆಯಂತೆ ಕರಗುತ್ತಾರೆ. ಫಿಲ್ಟರ್ ಇಲ್ಲವಾ? ಟ್ರೈಪಾಡ್ ಮೇಲಿಟ್ಟು ಇಪ್ಪತ್ತು ಸೆಕೆಂಡಿಗೊಂದರಂತೆ ಹದಿನೈದು ಫೋಟೋ ತೆಗೆದು, ಫೋಟೋಶಾಪ್‌ನಲ್ಲಿ ಒಟ್ಟಿಗೆ ಜೋಡಿಸಿ 'ಮೀಡಿಯನ್' ಆಯ್ಕೆ ಒತ್ತಿ, ಫೋಟೋದಿಂದ ಫೋಟೋಗೆ ಜಾಗ ಬದಲಿಸಿದವರು ಅಳಿಸಿಹೋಗುತ್ತಾರೆ. ಟ್ರೈಪಾಡ್ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಎಷ್ಟೋ ಕಡೆ ಬಿಡುವುದಿಲ್ಲ. ಹಾಂ, ಮೆಟ್ಟಿಲ ಮೇಲೆ ಸುಮ್ನೆ ಕೂತು ಸೆಲ್ಫಿ ತೆಗೆದುಕೊಳ್ಳುವವರು ಇದ್ಯಾವುದಕ್ಕೂ ಜಗ್ಗುವುದಿಲ್ಲ. ಅವರನ್ನು ನಗುತ್ತಾ ಕೇಳಿಕೊಳ್ಳುವುದೊಂದೇ ದಾರಿ.

ಪ್ರಶ್ನೆ: ಕಟ್ಟಡಗಳೆಲ್ಲ ಹಿಂದಕ್ಕೆ ವಾಲಿದಂತೆ ಬರುತ್ತವೆ.

ಉತ್ತರ: ಕ್ಯಾಮೆರಾ ಮೇಲಕ್ಕೆತ್ತಿದ್ದೀರಿ, ಅಷ್ಟೇ. ಹಿಂದೆ ಸರಿದು ನೆಟ್ಟಗೆ ಹಿಡಿಯಿರಿ. ಸರಿಯಲು ಜಾಗ ಇಲ್ಲದಿದ್ದರೆ ಸುತ್ತ ಸ್ವಲ್ಪ ಜಾಸ್ತಿ ಜಾಗ ಬಿಟ್ಟು ತೆಗೆದು, ಮನೆಯಲ್ಲಿ ನೆಟ್ಟಗೆ ಮಾಡಿಕೊಳ್ಳಿ. ಆಗ ಅಂಚು ಕತ್ತರಿಸಿ ಹೋಗುತ್ತದೆ, ಅದಕ್ಕೇ ಜಾಗ ಬಿಡಿ ಅಂದಿದ್ದು.

ಪ್ರಶ್ನೆ: ಮಳೆ ನಿಂತ ಮೇಲೆ ಕಾಡಿಗೆ ಹೋದರೂ ಹಸಿರು ಮಂಕಾಗಿ ಬರುತ್ತದೆ. ಎಡಿಟ್ ಮಾಡಿದರೆ ಗಿಳಿಹಸಿರು!

ಉತ್ತರ: ಒದ್ದೆ ಎಲೆ ಆಕಾಶದ ಬೆಳಕನ್ನು ಕನ್ನಡಿಯಂತೆ ತಿರುಗಿಸುತ್ತದೆ. ಆ ಬಿಳಿ ಹೊಳಪಿನ ಕೆಳಗೆ ನಿಮ್ಮ ಹಸಿರು ಅಡಗಿರುತ್ತದೆ. ಎಡಿಟಿಂಗ್ ಅದನ್ನು ಹೊರಗೆ ತರಲಾರದು, ಪೋಲರೈಸರ್ ಫಿಲ್ಟರ್ ತರುತ್ತದೆ. ಅದನ್ನು ಲೆನ್ಸ್ ಮುಂದೆ ಹಾಕಿ ನಿಧಾನವಾಗಿ ತಿರುಗಿಸುತ್ತಾ ಪರದೆ ನೋಡಿ, ಹೊಳಪು ಹೋದಲ್ಲಿ ನಿಲ್ಲಿಸಿ. ಒಂದೂವರೆ ಸ್ಟಾಪ್‌ನಷ್ಟು ಬೆಳಕು ತಿನ್ನುತ್ತದೆ, ಕಾಡೊಳಗೆ ಕೈ ಅಲ್ಲಾಡದಂತೆ ಜೋಪಾನ. ನಾನು ದುಡ್ಡು ಕೊಟ್ಟು ಕೊಳ್ಳಿ ಅನ್ನುವ ಒಂದೇ ಫಿಲ್ಟರ್ ಇದು. ಬಯಲಿಗೆ ಬಂದ ಮೇಲೆ ಮಾತ್ರ ತೆಗೆದಿಡಿ. ತೀರಾ ಅಗಲದ ಲೆನ್ಸ್‌ಗೆ ಅದನ್ನು ಹಾಕಿದರೆ ಆಕಾಶದ ನಡುವೆ ಕಡುನೀಲಿ ಪಟ್ಟೆ ಬೀಳುತ್ತದೆ.