ಚರಂಡಿ ಕ್ಲೀನಾದ ಮೇಲೆ ಕಂದಾಯ ಕಟ್ಟಿದರೆ ಸಾಕಾ?

ಪ್ರಿಯ ಓದುಗರೇ,

ಪಂಚಾಯಿತಿಗೆ ಮನೆ ಕಂದಾಯ ಕಟ್ಟುವುದನ್ನು ನಿಲ್ಲಿಸಿದ್ದೀರಿ. ಚರಂಡಿ ಹೂಳು ಎತ್ತಿಸಲಿ, ಆಮೇಲೆ ಕಟ್ಟುತ್ತೇನೆ, ಇದರಲ್ಲಿ ತಪ್ಪೇನು ಅಂತ ಕೇಳಿದ್ದೀರಿ. ಸಿಟ್ಟು ನ್ಯಾಯವಾದದ್ದೇ. ಆದರೆ ಇದರಿಂದ ಚರಂಡಿ ಕ್ಲೀನಾಗುತ್ತೆ ಅಂತ ನನಗೆ ಅನ್ನಿಸುತ್ತಿಲ್ಲ.

ಕಾಂಗೋ ದೇಶದಲ್ಲಿ ಕನಂಗ ಅಂತ ಒಂದು ದೊಡ್ಡ ಊರಿದೆ. ಅಲ್ಲಿ ಮನೆ ತೆರಿಗೆ ಕಟ್ಟುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ ಅನ್ನಬಹುದು. 2016ರಲ್ಲಿ ಅಲ್ಲಿನ ಸರ್ಕಾರ ಕೆಲವು ಬಡಾವಣೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿಗೆ ಮಾತ್ರ ವಸೂಲಿಗಾರರನ್ನು ಮನೆಮನೆಗೆ ಕಳಿಸಿತು. ಜೋನಾಥನ್ ವೈಗೆಲ್ ಅನ್ನುವ ಅರ್ಥಶಾಸ್ತ್ರಜ್ಞ ಎರಡೂ ಕಡೆ ಹೋಲಿಸಿ ನೋಡಿದರು. ವಸೂಲಿಗೆ ಹೋದ ಕಡೆ 100ಕ್ಕೆ ಸುಮಾರು 11 ಮನೆಯವರು ಕಟ್ಟಿದರು. ಅಷ್ಟೇನಾ ಅಂತೀರಾ? ಅದೇ ಬಡಾವಣೆಗಳ ಜನ ಸರ್ಕಾರ ಕರೆದ ಸಭೆಗಳಿಗೆ ಜಾಸ್ತಿ ಬರತೊಡಗಿದರು, ಸರ್ಕಾರದ ಕೆಲಸ ಹೇಗಿದೆ ಅಂತ ಬರೆದು ಕೊಡತೊಡಗಿದರು. ಬಾಗಿಲಿಗೆ ಬಂದು ದುಡ್ಡು ಕೇಳಿದ ಮೇಲೆ ನಮಗೇನು ಕೊಡುತ್ತೀರಿ ಅಂತ ಇವರೂ ಕೇಳುತ್ತಾರೆ, ಅಲ್ವಾ? ಅಷ್ಟರಿಂದಲೇ ಊರು ಉದ್ಧಾರವಾಯಿತು ಅಂತ ನಾನು ಹೇಳುತ್ತಿಲ್ಲ.

2018ರಲ್ಲಿ ಅದೇ ಊರಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಸರ್ಕಾರಿ ವಸೂಲಿಗಾರರ ಬದಲು ಬಡಾವಣೆಯ ಮುಖಂಡರೇ ಹೋದಾಗ ಹಣ ಇನ್ನೂ ಜಾಸ್ತಿ ಬಂತು. ಯಾರ ಕೈಲಿ ಕಾಸು ಓಡಾಡುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ನಮ್ಮ ಬಿಲ್ ಕಲೆಕ್ಟರ್‌ಗೂ ಇದೆಲ್ಲ ಗೊತ್ತಿರುತ್ತೆ, ಆದರೆ ಓಟಿನ ಭಯಕ್ಕೆ ಸದಸ್ಯರೇ "ಜೋರು ಮಾಡಬೇಡಪ್ಪಾ" ಅಂದುಬಿಡುತ್ತಾರೆ!

ಮೇಲಿನಿಂದ ಬರುವ ಅನುದಾನಕ್ಕೆ ಬಹುಪಾಲು ಷರತ್ತು ಅಂಟಿಕೊಂಡಿರುತ್ತೆ. ಮನೆ ಕಂದಾಯ ಹಾಗಲ್ಲ. ರಸೀದಿಯಲ್ಲಿರುವ ಗ್ರಂಥಾಲಯ ಕರ, ಭಿಕ್ಷುಕರ ಕರ ಅಂಥವನ್ನು ಬಿಟ್ಟರೆ ಉಳಿದದ್ದು ನಿಮ್ಮ ಪಂಚಾಯಿತಿಯಲ್ಲೇ ಉಳಿಯುತ್ತೆ. ನಿಮ್ಮ ಚರಂಡಿಗೆ ಗುದ್ದಲಿ ಹಿಡಿಸಬೇಕಾದರೆ ಸುಲಭವಾಗಿ ಕೈಗೆ ಸಿಗುವ ದುಡ್ಡು ಅದೇ.

ಹಾಗಾಗಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತಲ್ಲ, ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದೆ ಇಡಲೇಬೇಕಾದ ದಿನ ಅದು. ಸುಮ್ನೆ ಕೂರಬೇಡಿ. ಕಂದಾಯ ಬರಬೇಕಾಗಿದ್ದು ಎಷ್ಟು, ವಸೂಲಿ ಎಷ್ಟು, ಬಾಕಿ ಯಾರದ್ದು ಅಂತ ಗಟ್ಟಿಯಾಗಿ ಓದಿಸಿ. ದೊಡ್ಡ ಮನೆಗಳ ಬಾಕಿ ಇದ್ದರೆ ಅದೂ ಹೊರಗೆ ಬರಲಿ. ಚರಂಡಿಗೆ ಎಷ್ಟು ಖರ್ಚು ಹಾಕಿದ್ದಾರೆ ಅಂತ ಬಿಲ್ ಕೇಳಿ. ಆದರೆ ಬಾಕಿ ಪಟ್ಟಿಯಲ್ಲಿ ನಿಮ್ಮ ಹೆಸರೇ ಇದ್ದರೆ ಪಿಡಿಒ ಮೊದಲು ಅದನ್ನೇ ಓದುತ್ತಾರೆ, ನಿಮ್ಮ ಚರಂಡಿ ಮಾತು ಅಲ್ಲಿಗೇ ನಿಲ್ಲುತ್ತೆ.

— ಸಂ.